ಆಕಳು ಗೋಡೆ ನೆಕ್ಕುತ್ತಿದ್ದರೆ ಹೀಗೆ ಮಾಡಿ
ನಮ್ಮ ಬೀದರ್ ಕಡೆ ಬೇಸಿಗೆಯಲ್ಲಿ ದನಗಳಿಗೆ ಜೋಳದ ಕಣಿಕೆ, ತೊಗರಿ ಹೊಟ್ಟೇ ಮೇವು. ಹೊಟ್ಟೆ ತುಂಬುತ್ತದೆ, ಆದರೆ ಅದರಲ್ಲಿ ರಂಜಕ (ಫಾಸ್ಫರಸ್) ತೀರಾ ಕಡಿಮೆ. ಆಕಳು ಗೋಡೆ ನೆಕ್ಕುವುದು, ಬಟ್ಟೆ, ಮೂಳೆ ಅಗಿಯುವುದು ಸುಮ್ನೆ ಚಟ ಅಲ್ಲ, ಹೆಚ್ಚಾಗಿ ಇದೇ ಕೊರತೆ. ಸರಿಯಾಗಿ ಬೆದೆಗೆ ಬರದಿರುವುದಕ್ಕೂ ಇದೊಂದು ಕಾರಣ.

ದೊಡ್ಡ ದನಕ್ಕೆ ದಿನಕ್ಕೆ ಸುಮಾರು 50 ಗ್ರಾಂ, ಕರುವಿಗೆ 20-25 ಗ್ರಾಂ, ರಂಜಕ ಇರುವ ಖನಿಜ ಮಿಶ್ರಣವನ್ನು (ಮಿನರಲ್ ಮಿಕ್ಸ್ಚರ್ ಪುಡಿ) ನೆನೆಸಿದ ಹಿಂಡಿಯಲ್ಲಿ ಕಲಸಿ ಕೊಡಿ. ಉಪ್ಪು ಹಾಕುತ್ತೇವಲ್ಲ ಅನ್ನಬೇಡಿ, ಉಪ್ಪಿನಲ್ಲಿ ರಂಜಕ ಇಲ್ಲ. ಮಿಶ್ರಣ ಜಾಸ್ತಿ ಹಾಕಿದರೆ ಹಾಲೂ ಜಾಸ್ತಿ ಅನ್ನುವುದೂ ಸುಳ್ಳು.

ಈದ ಹೊಸದರಲ್ಲಿ ಆಕಳು ಕಿವಿ ತಣ್ಣಗಾಗಿ, ಏಳಲಾಗದೆ ಕುಸಿದರೆ ಮಾತ್ರ ಬೇರೆ ಮಾತು. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿರಬಹುದು. ಬಾಯಿಗೆ ಏನೂ ಹೊಯ್ಯಬೇಡಿ, ಕೂಡಲೇ ದನದ ಡಾಕ್ಟರನ್ನು ಕರೆಸಿ.