ಯುಗಾದಿ ಚಂದ್ರನನ್ನು ನೋಡಿದ ಸಂಜೆಗೆ ಮೂವತ್ತು ಜನರ ಪಾನಕ

ಯುಗಾದಿಯ ಚಂದ್ರ ಕಂಡ ಕೂಡಲೇ ಮನೆಗೆ ಜನ ಬರಲು ಶುರು. ಚಿಕ್ಕವರು ಕಾಲಿಗೆ ಎರಗಿ ಹೊರಡುವವರಲ್ಲ, ಪಡಸಾಲೆಯಲ್ಲಿ ಕೂತು ಮಾತಿಗಿಳಿಯುತ್ತಾರೆ. ಆ ಹೊತ್ತಿಗೆ ಒಲೆ ಮುಂದೆ ನಿಂತು ಬೆಲ್ಲ ಕರಗಿಸುತ್ತಿದ್ದರೆ ಕೆಲಸ ಕೆಡುತ್ತದೆ. ಬೆಲ್ಲದ ನೀರು ಹಿಂದಿನ ದಿನವೇ ತಯಾರಿರಬೇಕು, ತಣ್ಣೀರು ಹರವಿಯಲ್ಲಿ, ಅಂದರೆ ದೊಡ್ಡ ಮಣ್ಣಿನ ಮಡಕೆಯಲ್ಲಿ, ಇರಬೇಕು, ನಿಂಬೆರಸ ಬೀಳುವುದು ಮಾತ್ರ ಜನ ಬಂದ ಮೇಲೆ. ಈ ಮೂರನ್ನೂ ಬೇರೆ ಬೇರೆ ಇಟ್ಟುಕೊಂಡರೆ ಮೂವತ್ತು ಜನರಿಗೆ ಪಾನಕ ಕೊಡುವುದು ಹತ್ತು ನಿಮಿಷದ ಕೆಲಸ.

ಲೆಕ್ಕ ಹೀಗೆ. ಒಬ್ಬರಿಗೆ 200 ಮಿಲಿ ಲೋಟ ಅಂದರೆ ಮೂವತ್ತು ಜನಕ್ಕೆ 6 ಲೀಟರ್. 1 ಕೆಜಿ ಬೆಲ್ಲಕ್ಕೆ 1 ಲೀಟರ್ ನೀರು ಹಾಕಿ ಕರಗಿಸಿದರೆ ಒಂದೂವರೆ ಲೀಟರಿಗೆ ತುಸು ಮೇಲೆ ಗಟ್ಟಿ ಬೆಲ್ಲದ ನೀರು ಸಿಗುತ್ತದೆ. ಅದಕ್ಕೆ 5 ಲೀಟರ್ ತಣ್ಣೀರು ಸೇರಿದರೆ ಆರೂವರೆ ಲೀಟರ್ ಆಯಿತು. ಎರಡನೇ ಲೋಟ ಕೇಳುವವರು ಇದ್ದೇ ಇರುತ್ತಾರೆ, ಬಿಸಿಲೂ ಹಾಗೇ ಇರುತ್ತದೆ. ಹಾಗಾಗಿ ಒಂದೂವರೆ ಕೆಜಿ ಬೆಲ್ಲದ ನೀರು ಮಾಡಿಟ್ಟು, ಅರ್ಧ ಕೆಜಿಯಷ್ಟನ್ನು ಬೆರೆಸದೆ ಫ್ರಿಜ್ಜಿನಲ್ಲೇ ಉಳಿಸಿಕೊಳ್ಳಿ. ಬೇಡಿಕೆ ಬಂದರೆ ಬೆರೆಸಬಹುದು, ಬರದಿದ್ದರೆ ವಾರದೊಳಗೆ ಮನೆಯವರೇ ಕುಡಿಯಬಹುದು.

ಬೆಲ್ಲ ಕೊಳ್ಳುವಾಗ ಹಳದಿ ಬಣ್ಣಕ್ಕೆ ಮರುಳಾಗಬೇಡಿ. ತೀರಾ ತಿಳಿ ಹಳದಿಯ ಬೆಲ್ಲಕ್ಕೆ ಆ ಬಣ್ಣ ಬರಲು ಬಹಳ ಸಲ ಹೈಡ್ರೋಸ್ ಎಂಬ ಬಣ್ಣ ತಿಳಿಯಾಗಿಸುವ ರಾಸಾಯನಿಕ ಹಾಕಿರುತ್ತಾರೆ. ಕಂದು ಬಣ್ಣದ, ಮುರಿದರೆ ಹರಳು ಹರಳಾಗಿ ಕಾಣುವ ಪೆಂಟೆ ಪಾನಕಕ್ಕೆ ಒಳ್ಳೆಯದು. ಒಂದು ಚೂರು ಬಾಯಿಗೆ ಹಾಕಿ ನೋಡಿ. ಉಪ್ಪುಪ್ಪಾಗಿದ್ದರೆ ಹೋಳಿಗೆಯ ಹೂರಣಕ್ಕೆ ಹೇಗೋ ನಡೆದೀತು, ಪಾನಕದಲ್ಲಿ ಆ ಉಪ್ಪು ಎದ್ದು ಕಾಣುತ್ತದೆ.

ಬೆಲ್ಲವನ್ನು ಜಜ್ಜಿ ನೀರಿಗೆ ಹಾಕಿ ಸಣ್ಣ ಉರಿಯಲ್ಲಿಡಿ. ಕರಗಿದ ಮೇಲೆ ಒಂದೇ ಕುದಿ, ಅಷ್ಟೇ. ಕುದಿಯುತ್ತಲೇ ಬಿಟ್ಟರೆ ಪಾಕದ ವಾಸನೆ ಹತ್ತಿ, ಪಾನಕ ಹೋಗಿ ಕಷಾಯದ ರುಚಿ ಬರುತ್ತದೆ. ಇಳಿಸಿ ಅರ್ಧ ಗಂಟೆ ಅಲುಗಿಸದೆ ಬಿಡಿ, ಮಣ್ಣು ಮರಳು ತಳಕ್ಕೆ ಕೂರಲಿ. ಆಮೇಲೆ ತೆಳು ಬಿಳಿ ಬಟ್ಟೆಯಲ್ಲಿ ಸೋಸಿ, ಕೊನೆಯ ಅರ್ಧ ಲೋಟದಷ್ಟು ಗಸಿಯನ್ನು ಪಾತ್ರೆಯಲ್ಲೇ ಬಿಟ್ಟುಬಿಡಿ. ಅದನ್ನೂ ಹಿಂಡಿ ಸುರಿದರೆ ಲೋಟದ ತಳದಲ್ಲಿ ಹಲ್ಲಿಗೆ ಕಲ್ಲು ಸಿಗುತ್ತದೆ. ಪೂರ್ತಿ ಆರಿದ ಮೇಲೆಯೇ ಫ್ರಿಜ್ಜಿಗೆ.

ಸಂಬಾರವನ್ನೂ ಅವತ್ತೇ ಕುಟ್ಟಿಡಬಹುದು. ಆರೂವರೆ ಲೀಟರಿಗೆ ಒಣಶುಂಠಿ ಪುಡಿ 5 ಚಹಾ ಚಮಚ, ತರಿಯಾಗಿ ಕುಟ್ಟಿದ ಕಾಳುಮೆಣಸು 2 ಚಮಚ, ಏಲಕ್ಕಿ 20, ಉಪ್ಪು 1 ಚಮಚ. ಶುಂಠಿ ಪುಡಿಯನ್ನು ನೇರವಾಗಿ ತಣ್ಣನೆಯ ಪಾನಕಕ್ಕೆ ಉದುರಿಸಿದರೆ ಗಂಟು ಗಂಟಾಗಿ ಮೇಲೆ ತೇಲುತ್ತದೆ, ಮೊದಲ ಲೋಟ ಸಿಕ್ಕವರಿಗೆ ಬರೀ ಖಾರ. ಅರ್ಧ ಬಟ್ಟಲು ಬೆಲ್ಲದ ನೀರಿನಲ್ಲಿ ಅದನ್ನು ಗೊಜ್ಜಿನ ಹಾಗೆ ಕಲಸಿಕೊಂಡು ಆಮೇಲೆ ಸೇರಿಸಿ. ಮೆಣಸಿನ ಖಾರ ನೆನೆದಷ್ಟೂ ಏರುತ್ತದೆ. ಬೆರೆಸಿದ ಕೂಡಲೇ ಸಪ್ಪೆ ಅನ್ನಿಸಿದರೂ ಕೈ ತಡೆದು, ಅರ್ಧ ಗಂಟೆ ಬಿಟ್ಟು ಮತ್ತೆ ರುಚಿ ನೋಡಿ. ಜೊತೆಗೆ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇದೆಯಾದರೆ ಕಾಳುಮೆಣಸನ್ನು ಅರ್ಧಕ್ಕಿಳಿಸಿ. ದಾವಣಗೆರೆಯ ಸಂಜೆ ಮಂಡಕ್ಕಿ ಇಲ್ಲದೆ ಆಗುವುದೂ ಅಪರೂಪ. ಮಧ್ಯಾಹ್ನ ಎಲ್ಲರೂ ಹೋಳಿಗೆ ಉಂಡಿರುತ್ತಾರೆ ಅನ್ನುವುದೂ ನೆನಪಿರಲಿ, ಸಂಜೆಯ ಪಾನಕ ಸಿಹಿಗಿಂತ ಹುಳಿಯ ಕಡೆಗೆ ವಾಲಿದರೇ ಹಿತ.

ಪಚ್ಚಕರ್ಪೂರ ಹಾಕುವ ರೂಢಿ ಇದ್ದರೆ ಇಡೀ ಪಾತ್ರೆಗೆ ಒಂದು ಸಾಸಿವೆ ಕಾಳಿನಷ್ಟು ಮಾತ್ರ, ಏಲಕ್ಕಿಯ ಜೊತೆ ಅರೆದು. ದೇವರ ಮುಂದೆ ಆರತಿಗೆ ಹಚ್ಚುವ ಕರ್ಪೂರ ಬೇರೆ, ಅದು ಹೊಟ್ಟೆಗೆ ವಿಷ. ಎರಡು ಡಬ್ಬಿಯನ್ನೂ ಒಂದೇ ಗೂಡಿನಲ್ಲಿ ಇಡಲೇಬೇಡಿ.

ಇನ್ನು ನೀರು. ಚಿತ್ರದುರ್ಗ ಜಿಲ್ಲೆಯ ಹಲವು ಊರುಗಳಲ್ಲಿ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಕುದಿಸಿದರೆ ಅದು ಹೋಗುವುದಿಲ್ಲ. ಗಡಸು ನೀರಾದರೆ ಪಾನಕದ ರುಚಿಯೂ ಚಪ್ಪೆ. ಈ ಒಂದು ದಿನಕ್ಕಾದರೂ ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನ್ ತರಿಸಿಬಿಡಿ. ಆ ನೀರನ್ನು ಹರವಿಗೆ ತುಂಬಿ, ಹರವಿಯನ್ನು ಒದ್ದೆ ಮರಳಿನ ಮೇಲೆ ಕೂರಿಸಿ, ಮೈಗೆ ಒದ್ದೆ ಬಟ್ಟೆ ಸುತ್ತಿ ಗಾಳಿ ಆಡುವ ಕಡೆ ಇಡಿ. ನಮ್ಮ ಬಯಲುಸೀಮೆಯ ಒಣಗಾಳಿಗೆ ಮಡಕೆಯ ಮೈಯ ನೀರು ಬೇಗ ಆರುತ್ತದೆ, ಆರುವಾಗ ಒಳಗಿನ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಕರಾವಳಿಯ ಜಿಗುಟು ಗಾಳಿಯಲ್ಲಿ ಅದೇ ಮಡಕೆ ಇಷ್ಟು ತಣ್ಣಗೆ ಮಾಡುವುದಿಲ್ಲ. ಹೊಸ ಹರವಿಯಾದರೆ ಎರಡು ದಿನ ಮೊದಲೇ ನೀರು ತುಂಬಿ ಚೆಲ್ಲಿ, ಮತ್ತೆ ತುಂಬಿ ಚೆಲ್ಲಿ, ಮಣ್ಣಿನ ವಾಸನೆ ಕಳೆಯಬೇಕು. ಆದರೆ ಪಾನಕವನ್ನೇ ಹರವಿಗೆ ಸುರಿಯಬೇಡಿ. ಬೆಲ್ಲ ಮಡಕೆಯ ಸಣ್ಣ ತೂತುಗಳಿಗೆ ಇಳಿದು, ಎಷ್ಟು ತೊಳೆದರೂ ಬೂಸು ಬರುತ್ತದೆ, ಆಮೇಲೆ ನೀರೂ ಮೊದಲಿನಷ್ಟು ತಣ್ಣಗಾಗುವುದಿಲ್ಲ. ಬೆರೆಸಲು ಸ್ಟೀಲ್ ಪಾತ್ರೆಯೇ ಸರಿ. ಕಲಾಯಿ ಹೋದ ಹಿತ್ತಾಳೆ, ತಾಮ್ರದ ಕೊಳಗ ಹಬ್ಬಕ್ಕೆ ಚೆಂದ ಕಾಣುತ್ತದೆ, ನಿಜ. ನಿಂಬೆಹುಳಿ ಬಿದ್ದರೆ ಕಿಲುಬು ಬಿಡುತ್ತದೆ. ಅಲ್ಯುಮಿನಿಯಂ ಕೂಡ ಬೇಡ.

ನಿಂಬೆಹಣ್ಣು 12ರಿಂದ 14 ಬೇಕು. ಪಾನಕ ಕಹಿಯಾಯಿತು ಎಂದು ಬೆಲ್ಲವನ್ನು ಬೈಯುವವರೇ ಹೆಚ್ಚು, ತಪ್ಪು ಮಾತ್ರ ಬಹುಪಾಲು ನಿಂಬೆಯ ಕಡೆಯದು. ಸಿಪ್ಪೆ ತಿರುಚುವಷ್ಟು ಬಿಗಿಯಾಗಿ ಹಿಂಡಿದರೆ ಸಿಪ್ಪೆಯ ಎಣ್ಣೆ ಇಳಿಯುತ್ತದೆ, ಬೀಜ ಒಳಗುಳಿದರೆ ಅದೂ ಕಹಿ, ಹಿಂಡಿಟ್ಟ ರಸ ಗಂಟೆಗಟ್ಟಲೆ ಕೂತರೂ ಕಹಿ. ಬೆಲ್ಲದ ನೀರು ಬಿಸಿಯಿರುವಾಗ ರಸ ಸೇರಿಸಿದರಂತೂ ನಿಂಬೆಯ ಘಮವೇ ಹಾರಿಹೋಗುತ್ತದೆ. ಹಣ್ಣನ್ನು ಅಂಗೈಯಲ್ಲಿ ಉರುಳಿಸಿ ಮೆತ್ತಗೆ ಮಾಡಿ, ಹಗುರವಾಗಿ ಹಿಂಡಿ, ಸೋಸಿ, ಕೊಡುವ ಅರ್ಧ ಗಂಟೆಯೊಳಗೆ ಬೆರೆಸಿ. ಒಮ್ಮೆಗೇ ಪೂರಾ ಸುರಿಯದೆ ಮುಕ್ಕಾಲು ಭಾಗ ಹಾಕಿ ನೋಡಿ, ಹಣ್ಣಿನಿಂದ ಹಣ್ಣಿಗೆ ಹುಳಿ ಬೇರೆ. ಬೇಸಿಗೆಯಲ್ಲಿ ನಿಂಬೆ ತುಟ್ಟಿಯಾದರೆ ಹುಣಸೆಯೂ ಆಗುತ್ತದೆ, ಲೀಟರಿಗೆ 25 ಗ್ರಾಂ ಬಿಸಿನೀರಿನಲ್ಲಿ ನೆನೆಸಿ ಕಿವುಚಿ ಸೋಸಿದರೆ ಸಾಕು. ಆಗ ಏಲಕ್ಕಿ ಬಿಟ್ಟು, ಹುರಿದ ಜೀರಿಗೆ ಪುಡಿ ಹಾಕಿ.

ಬಾಯಿಗೆ ತಣ್ಣಗಿದ್ದಷ್ಟೂ ಸಿಹಿ ಕಡಿಮೆ ತೋರುತ್ತದೆ. ಹಾಗಾಗಿ ಕೊನೆಯ ರುಚಿ ನೋಡುವುದು ತಣ್ಣೀರು ಬೆರೆಸಿದ ಮೇಲೆಯೇ. ಐಸ್ ಬೇಕೇ ಬೇಕೆಂದರೆ ಹಿಂದಿನ ದಿನವೇ ಸ್ವಲ್ಪ ಪಾನಕವನ್ನು ನಿಂಬೆ ಹಾಕದೆ ಐಸ್ ಟ್ರೇಯಲ್ಲಿ ಗಟ್ಟಿ ಮಾಡಿಕೊಳ್ಳಿ. ಬರೀ ನೀರಿನ ಐಸ್ ಕರಗುತ್ತಾ ಹೋದಂತೆ ಕೊನೆಗೆ ಬಂದವರಿಗೆ ಬೆಲ್ಲ ತೊಳೆದ ನೀರು ಸಿಗುತ್ತದೆ. ಪ್ರತಿ ಸಲ ತುಂಬುವ ಮೊದಲು ಸೌಟಿನಿಂದ ತಳದವರೆಗೆ ಕಲಕಿ, ಸಂಬಾರವೆಲ್ಲ ಅಲ್ಲೇ ಕೂತಿರುತ್ತದೆ.

ಒಂದು ಲೋಟದಲ್ಲಿ ಸುಮಾರು 30 ಗ್ರಾಂ ಬೆಲ್ಲ ಇರುತ್ತದೆ. ಬೆಲ್ಲವಲ್ಲವೇ, ಏನಾಗುತ್ತದೆ ಎಂದು ಸಕ್ಕರೆ ಕಾಯಿಲೆಯವರಿಗೆ ಒತ್ತಾಯ ಮಾಡಬೇಡಿ, ದೇಹಕ್ಕೆ ಬೆಲ್ಲ, ಸಕ್ಕರೆ ಎರಡೂ ಒಂದೇ. ಅವರಿಗಾಗಿ ಮಜ್ಜಿಗೆ ಇರಲಿ. 1 ಲೀಟರ್ ಮೊಸರಿಗೆ 3 ಲೀಟರ್ ನೀರು. ಬೆಣ್ಣೆ ತೆಗೆದ ಮಜ್ಜಿಗೆ ಮನೆಯಲ್ಲಿದ್ದರೆ ಅದೇ ಇನ್ನೂ ಹಗುರ. ಕಡೆಗೋಲಿನಲ್ಲಿ ಕಡೆಯಿರಿ, ಮಿಕ್ಸಿಗೆ ಹಾಕಿದರೆ ಬಿಸಿಯೇರಿ ಬೆಣ್ಣೆ ಹರಳು ಕಟ್ಟುತ್ತದೆ. ಹಸಿಶುಂಠಿ, ಹಸಿಮೆಣಸು, ಕರಿಬೇವು ಜಜ್ಜಿ ಹಾಕಿ, ಇಂಗು ಚಿಟಿಕೆ, ಉಪ್ಪು ಕೊನೆಗೆ.

ಉಳಿದ ಪಾನಕ ರಾತ್ರಿಯೇ ಫ್ರಿಜ್ಜಿಗೆ ಹೋಗಬೇಕು, ಮರುದಿನ ಮಧ್ಯಾಹ್ನದೊಳಗೆ ಮುಗಿಯಬೇಕು. ಈ ಸೆಕೆಗೆ ಹೊರಗಿಟ್ಟರೆ ಬೆಳಗಾಗುವುದರಲ್ಲಿ ನೊರೆ ಬಂದು ಹುಳಿಯುತ್ತದೆ, ಬಿಗಿಯಾಗಿ ಮುಚ್ಚಿದ ಬಾಟಲಿಯಾದರೆ ಮುಚ್ಚಳವೇ ಸಿಡಿಯಬಹುದು. ಹುಳಿತದ್ದನ್ನು ಗಿಡದ ಬುಡಕ್ಕೂ ಹಾಕಬೇಡಿ, ಇರುವೆ ಮುತ್ತುತ್ತವೆ. ಬಚ್ಚಲಿಗೆ ಸುರಿದು ಮೇಲೆ ಎರಡು ಚೊಂಬು ನೀರು ಬಿಡಿ.