ಕಾರಂತಜ್ಜನ ಸೋಲುಗಳೂ ನನ್ನ 64 ಪುಟಗಳೂ

ಮಕ್ಕಳಿಗಾಗಿ ನಾನು ಬರೆದ ಶಿವರಾಮ ಕಾರಂತರ ಜೀವನಕಥೆಯ ಎರಡನೇ ಮುದ್ರಣ ಹೋದ ತಿಂಗಳು ಕೈಗೆ ಬಂತು. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ. ಮೊದಲ ಮುದ್ರಣ ಇನ್ನೂ ಅಟ್ಟದಲ್ಲೇ ಕೂತಿದ್ದರೆ ಬಾಯಿ ಬಿಡುತ್ತಿರಲಿಲ್ಲ ಬಿಡಿ. ಮಕ್ಕಳಿಗಾಗಿ ಶಿವರಾಮ ಕಾರಂತರ ಜೀವನ ಬರೆಯುತ್ತೇನೆ ಅಂದಾಗ ನಕ್ಕವರು ಒಬ್ಬಿಬ್ಬರಲ್ಲ. "ಅವರ ಮೇಲೆ ಬಂದಿರೋ ಪುಸ್ತಕ ಸಾಲದಾ? ಅದರಲ್ಲೂ ಹಿರಿಯೂರಿನವನು ಕಡಲ ಕರೆಯ ಕಥೆ ಹೇಳ್ತಾನಂತೆ!"

ಅವರು ನಕ್ಕಿದ್ದರಲ್ಲೂ ಅರ್ಥವಿತ್ತು. ನನ್ನ ಮೊದಲ ಕರಡು ಅಷ್ಟು ಕೆಟ್ಟದಾಗಿತ್ತು. "1902ರ ಅಕ್ಟೋಬರ್ 10ರಂದು ಕೋಟದಲ್ಲಿ ಜನನ" ಅಂತ ಶುರು, 1977ರ ಜ್ಞಾನಪೀಠದಲ್ಲಿ ಮಂಗಳ. ನಮ್ಮಲ್ಲಿ ಎಲ್ಲರೂ ತುಳಿದು ತುಳಿದು ಸವೆದ ದಾರಿ. ನಲವತ್ತಕ್ಕೂ ಹೆಚ್ಚು ಕಾದಂಬರಿ ಬರೆದವರು ಅಂತ ಹೇಳಿ, ಹದಿನೆಂಟರ ಹೆಸರನ್ನು ಸಾಲಾಗಿ ಕೊಟ್ಟಿದ್ದೆ.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಆರು, ಏಳನೇ ಕ್ಲಾಸಿನ ಮಕ್ಕಳನ್ನು ಕೂರಿಸಿಕೊಂಡು ಓದಿದೆ. ಮೂವತ್ತು ಮಕ್ಕಳಿದ್ದರೇನೋ. ಮೂರನೇ ಪುಟಕ್ಕೆ ಹಿಂದಿನ ಸಾಲಿನಲ್ಲಿ ಚೌಕಾಬಾರ ಶುರುವಾಗಿತ್ತು. "ಕಡಲತೀರದ ಭಾರ್ಗವ ಅಂದರೆ ಯಾರು?" ಅಂತ ಕಾರಂತರ ಬಿರುದು ಹಿಡಿದು ಕೇಳಿದೆ. ಒಬ್ಬ ಎದ್ದು ನಿಂತು, "ಮೀನು ಹಿಡಿಯೋರು ಸಾ" ಅಂದ. ಅವನದೇನು ತಪ್ಪು? ಆ ಮಕ್ಕಳಲ್ಲಿ ಅರ್ಧಕ್ಕರ್ಧ ಸಮುದ್ರ ಕಂಡಿಲ್ಲ. ದೊಡ್ಡ ನೀರು ಅಂದರೆ ಅವರಿಗೆ ಮಾರಿಕಣಿವೆ ಅಣೆಕಟ್ಟು.

ಎರಡನೇ ಕರಡಿನಲ್ಲಿ ಜಾಣತನ ತೋರಿಸಲು ಹೋದೆ. "ಪುಟ್ಟ ಶಿವರಾಮ" ಅಂತ ಒಬ್ಬ ಹುಡುಗನನ್ನು ಮಾಡಿ, ಅವನ ಬಾಯಲ್ಲಿ ನಾನೇ ಮಾತು ತುಂಬಿದೆ. ಆ ಕರಡು ನಂಬಿಕೊಂಡು ಆರು ಚಿತ್ರ ಬರೆಸಿದ್ದೆ, ಒಂಬತ್ತು ಸಾವಿರ ಕೊಟ್ಟು. ಓದಿದ ಹಿರಿಯರೊಬ್ಬರು, "ಹೆಸರು ಬದಲಾಯಿಸಿದರೆ ಇದು ಯಾರ ಕಥೆ ಬೇಕಾದರೂ ಆಗುತ್ತಲ್ಲಪ್ಪಾ" ಅಂದರು. ರಾತ್ರಿ ನಿದ್ದೆ ಬರಲಿಲ್ಲ. ಎಂಟು ತಿಂಗಳ ಕೆಲಸ, ಒಂಬತ್ತು ಸಾವಿರ ರೂಪಾಯಿ, ಎರಡೂ ಹೊಳೆಗೆ ಹೋದವು. ಆ ಆರರಲ್ಲಿ ಒಂದು ಚಿತ್ರ ಮಾತ್ರ ಆಮೇಲೆ ಉಪಯೋಗಕ್ಕೆ ಬಂತು.

ದಾರಿ ಸಿಕ್ಕಿದ್ದು ಬರೆಯುವಾಗ ಅಲ್ಲ. ಒಂದು ಶನಿವಾರ ಕರಡು ತರುವುದು ಮರೆತು ಹೋಗಿತ್ತು. ಸುಮ್ನೆ ಬಾಯಲ್ಲೇ ಹೇಳುತ್ತಾ ಹೋದೆ. ಗಾಂಧೀಜಿ ಮಾತು ಕೇಳಿ ಕಾಲೇಜು ಬಿಟ್ಟರು. ಖಾದಿ ಅಂತ ಊರೂರು ಸುತ್ತಿದರು. 1924ರಲ್ಲಿ ಮೊದಲ ಪುಸ್ತಕ ಬಂತು, ಅದು ಪದ್ಯಗಳದ್ದು, ಆದರೆ ಕವಿಯಾಗಿ ನಿಲ್ಲಲಿಲ್ಲ. 'ವಸಂತ' ಅಂತ ಪತ್ರಿಕೆ ನಡೆಸಿದರು, ಅದೂ ನಿಂತಿತು. ನಾಟಕ ಆಡಿಸಿದರು. ಮೂಕಿ ಸಿನಿಮಾ ತೆಗೆದರು, ಸಿನಿಮಾದವರಾಗಿ ಉಳಿಯಲಿಲ್ಲ. ಮುಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು.

"ಸಾ, ಹಂಗಾದ್ರೆ ಅವರಿಗೆ ಯಾವ ಕೆಲ್ಸನೂ ನೆಟ್ಟಗೆ ಬರ್ತಿರ್ಲಿಲ್ವಾ?"

ಕ್ಲಾಸೆಲ್ಲಾ ನಕ್ಕಿತು. ನಗು ಮುಗಿದ ಮೇಲೆ ನೋಡಿದರೆ ಎಲ್ಲರ ಕಣ್ಣೂ ನನ್ನ ಮೇಲೆ. ಚೌಕಾಬಾರದವರದೂ. ಆ ಪ್ರಶ್ನೆಯೇ ಈಗ ಪುಸ್ತಕದ ಮೊದಲ ಸಾಲು. ಆ ಹುಡುಗಿಗೆ ಮೊದಲ ಪ್ರತಿ ಕೊಟ್ಟೆ.

ಮೂರನೇ ಕರಡು ನಾಲ್ಕೇ ತಿಂಗಳಲ್ಲಿ ಮುಗಿಯಿತು. ಒಂದು ಅಧ್ಯಾಯಕ್ಕೆ ಒಂದು ಪ್ರಯತ್ನ. ಏನು ಹಿಡಿದರು, ಯಾಕೆ ಬಿಟ್ಟರು, ಅದರಿಂದ ಮುಂದಿನದಕ್ಕೆ ಏನು ಹೊತ್ತು ತಂದರು. ಪ್ರಶಸ್ತಿ ಎಲ್ಲಾ ಸೇರಿ ಅರ್ಧ ಪುಟ. ಅದರಲ್ಲೂ ಪದ್ಮಭೂಷಣ ಬಂದಿದ್ದಕ್ಕಿಂತ, ತುರ್ತು ಪರಿಸ್ಥಿತಿಯಲ್ಲಿ ಅದನ್ನು ವಾಪಸ್ ಕೊಟ್ಟಿದ್ದಕ್ಕೇ ಜಾಸ್ತಿ ಸಾಲು. ಮಕ್ಕಳಿಗೆ ಭಾರಿ ಹಿಡಿಸಿದ್ದು 1989ರ ಲೋಕಸಭಾ ಚುನಾವಣೆ. ಎಂಬತ್ತೇಳು ವರ್ಷದ ಅಜ್ಜ ಕೈಗಾ ಅಣುಸ್ಥಾವರ ಬೇಡ ಅಂತ ಉತ್ತರ ಕನ್ನಡದಲ್ಲಿ ನಿಂತರು, ಸೋತರು. "ಸೋಲ್ತೀನಿ ಅಂತ ಗೊತ್ತಿದ್ರೂ ನಿಂತ್ರಾ?" ಅಂತ ಅರ್ಧ ಗಂಟೆ ಜಗಳ ಆಡಿದರು. ನಾನು ಬಾಯಿ ಹಾಕಲಿಲ್ಲ.

ಚೋಮನ ಅಧ್ಯಾಯ ಓದುವಾಗ ನನಗೆ ಅಳುಕಿತ್ತು. 'ಚೋಮನ ದುಡಿ' 1933ರದ್ದು. ಸ್ವಂತ ಬೇಸಾಯ ಮಾಡಬೇಕು ಅನ್ನುವ ಅಸ್ಪೃಶ್ಯನ ಆಸೆ, ಅದು ಕೈಗೂಡದ ಸಂಕಟ. ದುಡಿ ಅಂದರೆ ಈ ಕಡೆಯವರಿಗೆ ಗೊತ್ತಿಲ್ಲ, ತಮಟೆ ಇದ್ದ ಹಾಗೆ ಅದೂ ಒಂದು ಚರ್ಮವಾದ್ಯ ಅಂದೆ. ಮುಂದಿನ ಶನಿವಾರ ಒಬ್ಬ ಹುಡುಗ ಗೋಣಿಚೀಲದಲ್ಲಿ ತನ್ನ ತಾತನ ತಮಟೆ ತಂದ. ಹೊರಗೆ ಒಣ ಸೋಗೆಗೆ ಬೆಂಕಿ ಹಚ್ಚಿ, ತಮಟೆ ಕಾಯಿಸಿ, ಒಳಗೆ ಬಂದು ನನ್ನ ಮುಖ ನೋಡಿದ. ನಾನು ಓದಿದೆ. ಚೋಮ ದುಡಿ ಹಿಡಿಯುವ ಕಡೆಯೆಲ್ಲಾ ಅವನು ಬಾರಿಸಿದ. ಕೊನೆಯ ಸಲ ಅವನು ಬಾರಿಸಲಿಲ್ಲ, ಸುಮ್ಮನೆ ಚರ್ಮದ ಮೇಲೆ ಅಂಗೈ ಇಟ್ಟುಕೊಂಡಿದ್ದ. ಆ ಅಧ್ಯಾಯದಲ್ಲಿ ಆಮೇಲೆ ಒಂದಕ್ಷರ ತಿದ್ದಿಲ್ಲ.

ನಡುವೆ ಒಂದು ಅಡ್ಡ ಪ್ರಯೋಗ ಮಾಡಿದೆ. 1936ರಲ್ಲಿ ಕಾರಂತರು 'ಬಾಲ ಪ್ರಪಂಚ' ತಂದರು, ಮೂರು ಸಂಪುಟ, ಮಕ್ಕಳ ವಿಶ್ವಕೋಶ. ಒಬ್ಬರೇ ಕೂತು ಬರೆದದ್ದು. ಅದು ಎಂಥ ಕೆಲಸ ಅಂತ ತಿಳಿಯಲು ಶಾಲೆಯಲ್ಲಿ ಒಂದು ಬಿಸ್ಕತ್ ಡಬ್ಬ ಇಟ್ಟು, ತೋಚಿದ ಪ್ರಶ್ನೆ ಬರೆದು ಹಾಕಿ ಅಂದೆ. ತಿಂಗಳಿಗೆ ನೂರೈವತ್ತರ ಹತ್ತಿರ ಚೀಟಿ ಬಂದವು. ಕಪ್ಪೆ ನೀರು ಕುಡಿಯುತ್ತಾ? ತಂತಿ ಮೇಲೆ ಕೂತ ಕಾಗೆಗೆ ಕರೆಂಟು ಯಾಕೆ ಹೊಡೆಯಲ್ಲ? ಇಂಟರ್‌ನೆಟ್ ಕೈಯಲ್ಲಿದ್ದೂ ಇಪ್ಪತ್ತೆರಡಕ್ಕೆ ಉತ್ತರ ಬರೆಯುವಷ್ಟರಲ್ಲಿ ಸುಸ್ತಾದೆ. ಡಬ್ಬ ಈಗಲೂ ಅಲ್ಲೇ ಇದೆ, ನಾನು ತೆರೆದು ನೋಡುತ್ತಿಲ್ಲ. ಅಧ್ಯಾಯಗಳನ್ನು ಫೋನಿನಲ್ಲಿ ಓದಿ ವಾಟ್ಸಾಪಿಗೆ ಹಾಕುವ ಪ್ರಯೋಗವೂ ಆಯಿತು. ಹಿಂದೆ ಪಕ್ಕದ ಮನೆ ಹುಂಜ ಕೂಗುತ್ತಿತ್ತು. ಎಲ್ಲರಿಗೂ ಹುಂಜ ನೆನಪಿದೆ, ಕಾರಂತರು ನೆನಪಿಲ್ಲ.

ಇನ್ನು ದುಡ್ಡಿನ ಮಾತು. ಒಬ್ಬ ಪ್ರಕಾಶಕರು ಹಸ್ತಪ್ರತಿಯನ್ನು ಐದು ತಿಂಗಳು ಇಟ್ಟುಕೊಂಡು, "ಸೋಲೆಲ್ಲಾ ತೆಗೆದು ಪ್ರಶಸ್ತಿ ಪಟ್ಟಿ ಮುಂದೆ ಹಾಕಿ, ನೋಡೋಣ" ಅಂದರು. ನಾನು ಒಪ್ಪಲಿಲ್ಲ, ಕೈಯಿಂದ ದುಡ್ಡು ಹಾಕಿ ನಾನೇ ಅಚ್ಚು ಹಾಕಿಸಿದೆ. ಲೆಕ್ಕ ನೆನಪಿನಿಂದ ಹೇಳುತ್ತೇನೆ, ನೂರಿನ್ನೂರು ಆಚೀಚೆ ಇರಬಹುದು. ಸಾವಿರ ಪ್ರತಿ, 80 ಜಿಎಸ್‌ಎಂ ಮ್ಯಾಪ್‌ಲಿಥೋ ಕಾಗದ, ಒಳಗೆ ಕಪ್ಪು ಬಿಳುಪು. ಮುದ್ರಣಕ್ಕೆ ನಲವತ್ತೆರಡು ಸಾವಿರ. ಹೊಸ ಚಿತ್ರಗಳಿಗೆ ಹದಿನೈದು. ಡಿಟಿಪಿಗೆ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸಿದ್ದಕ್ಕೆ, ಮೂರು. ಓಡಾಟ, ಪಾರ್ಸೆಲ್ ಸೇರಿ ಏಳೆಂಟು. ಬೆಲೆ ನೂರು ರೂಪಾಯಿ. ಅಂಗಡಿಗಳಿಗೆ ಶೇಕಡಾ 40 ಬಿಟ್ಟು ಮುನ್ನೂರು ಪ್ರತಿ ಕೊಟ್ಟೆ, ಅದರಲ್ಲಿ ಐದಾರು ಸಾವಿರ ಇವತ್ತಿಗೂ ಬಂದಿಲ್ಲ. ಉಳಿದದ್ದನ್ನು ಶಾಲೆ ಶಾಲೆಗೆ ಬೈಕಿನಲ್ಲಿ ಹೊತ್ತು, ಒಂದು ಅಧ್ಯಾಯ ಓದಿ, ಎಂಬತ್ತು ರೂಪಾಯಿಯಂತೆ ಮಾರಿದೆ. ಎಲ್ಲಾ ಕಳೆದು ಕೈಯಲ್ಲಿ ಉಳಿದದ್ದು ಒಂದು ಸಾವಿರವೋ ಎರಡೋ. ಆ ಹಳೆಯ ಒಂಬತ್ತು ಸಾವಿರ ಸೇರಿಸಿದರೆ ನಷ್ಟವೇ. ಆದರೆ ಹದಿನಾಲ್ಕು ತಿಂಗಳಲ್ಲಿ ಸಾವಿರ ಪ್ರತಿ ಖಾಲಿ, ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಒಂದು ಅರ್ಜಿಯನ್ನೂ ಹಾಕದೆ! ನಕ್ಕವರಲ್ಲಿ ಇಬ್ಬರು ಈಗ ಪ್ರೆಸ್ ಯಾವುದು ಅಂತ ಕೇಳುತ್ತಿದ್ದಾರೆ. ಹೇಳಿಲ್ಲ.

ಹೊಸಬರು ಎಡವುವುದು ಹಕ್ಕುಗಳಲ್ಲಿ. ಕಾರಂತರು ತೀರಿಕೊಂಡಿದ್ದು 1997ರಲ್ಲಿ. ಅಲ್ಲಿಂದ 60 ವರ್ಷ, ಅಂದರೆ 2057 ಮುಗಿಯುವವರೆಗೆ ಅವರು ಬರೆದದ್ದಕ್ಕೆ ಹಕ್ಕುದಾರರಿದ್ದಾರೆ. ಪುಟಗಟ್ಟಲೆ ಎತ್ತಿ ಹಾಕುವಂತಿಲ್ಲ, ಸಿಕ್ಕ ಫೋಟೋ ಅಂಟಿಸುವಂತಿಲ್ಲ. ನಾನು ಎಲ್ಲವನ್ನೂ ನನ್ನ ಮಾತಲ್ಲೇ ಹೇಳಿದೆ, ಫೋಟೋ ಬದಲು ಚಿತ್ರ ಬರೆಸಿದೆ.

ಕ್ಲಾಸಿನಲ್ಲಿ ಓದುವಾಗ ಪೆನ್ಸಿಲ್ ಹಿಡಿದುಕೊಂಡಿರುತ್ತೇನೆ. ಮಕ್ಕಳ ಕಣ್ಣು ಕಿಟಕಿಗೆ ಹೋದ ಜಾಗಕ್ಕೆ ಒಂದು ಗೀಟು. ಮೂರು ಶಾಲೆಯಲ್ಲಿ ಅದೇ ಜಾಗಕ್ಕೆ ಗೀಟು ಬಿದ್ದರೆ ಆ ಪ್ಯಾರಾ ಕಿತ್ತು ಹಾಕುತ್ತೇನೆ, ಎಷ್ಟೇ ಚಂದ ಬರೆದಿದ್ದರೂ. ಬೈಕಿನಲ್ಲಿ ಹೋದಾಗ ಅಧ್ಯಾಯವನ್ನು ಎಲ್ಲಿಗೆ ನಿಲ್ಲಿಸಿದರೆ ಪುಸ್ತಕ ಹೋಗುತ್ತದೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳಲ್ಲ. ಅದು ನನ್ನ ಹೊಟ್ಟೆಪಾಡು.

ಪ್ರೂಫ್ ನೋಡಿದ್ದೂ ಮಕ್ಕಳೇ. ತಪ್ಪು ಹುಡುಕಿದವರಿಗೆ ಹತ್ತು ರೂಪಾಯಿ ಅಂದಿದ್ದೆ. ಕಂಪ್ಯೂಟರಿನಲ್ಲಿ 'ನುಡಿ' ಅಕ್ಷರದಿಂದ ಯೂನಿಕೋಡ್ ಅಕ್ಷರಕ್ಕೆ ಬದಲಾಯಿಸುವಾಗ ಅರ್ಕಾವತ್ತುಗಳೆಲ್ಲ ಸ್ಥಳ ಬಿಟ್ಟಿದ್ದವು. ಒಂದೇ ವಾರದಲ್ಲಿ 230 ರೂಪಾಯಿ ಎಣಿಸಿ ಕೊಟ್ಟೆ. ದುಡ್ಡು ಕೊಟ್ಟು ಪ್ರೂಫ್ ನೋಡಿಸಿದ್ದಾಗ ಇದರಲ್ಲಿ ಅರ್ಧವೂ ಸಿಕ್ಕಿರಲಿಲ್ಲ.

ಎರಡನೇ ಮುದ್ರಣದಲ್ಲಿ ತಪ್ಪೇ ಇಲ್ಲ ಅಂತ ಸಭೆಯೊಂದರಲ್ಲಿ ಹೇಳಿಕೊಂಡೂ ಬಂದೆ. ಮೊನ್ನೆ ಆ ತಮಟೆ ಹುಡುಗ ಸಿಕ್ಕಿದ್ದ, ಈಗ ಒಂಬತ್ತನೇ ಕ್ಲಾಸು. 37ನೇ ಪುಟ ತೆರೆದು ಬೆರಳಿಟ್ಟ. 'ಸಾಲಿಗ್ರಾಮ' ಅನ್ನುವಲ್ಲಿ 'ಸಾಲಗ್ರಾಮ' ಅಂತ ಬಿದ್ದಿದೆ. ಜೇಬಿನಲ್ಲಿ ಚಿಲ್ಲರೆ ಇರಲಿಲ್ಲ, ಇಪ್ಪತ್ತರ ನೋಟು ಕೊಟ್ಟೆ. "ಇನ್ನೊಂದು ಹುಡುಕಿ ಲೆಕ್ಕ ಸರಿ ಮಾಡ್ತೀನಿ ಬಿಡಿ ಸಾ" ಅಂದು ಪುಸ್ತಕ ತಗೊಂಡು ಹೋದ.