ಮಳೆಗಾಲದಲ್ಲಿ ಸತ್ತ ಆಲ್-ಇನ್-ಒನ್‌ಗೆ ಬಲ್ಬಿನ ಪೆಟ್ಟಿಗೆ: ನನ್ನ ಅನುಭವ

ಭಾಗಮಂಡಲ, ನಾಪೋಕ್ಲು, ಮಡಿಕೇರಿ ಕಡೆಯಿಂದ ರಿಪೇರಿಗೆ ಬರುವ ಹಳೆಯ ಆಲ್-ಇನ್-ಒನ್‌ಗಳ (ಪರದೆಯ ಹಿಂದೆಯೇ ಇಡೀ ಕಂಪ್ಯೂಟರ್ ಕೂರಿಸಿದ ಯಂತ್ರಗಳ) ಮೇಲೆ ಮೊದಲೇ ಯಾರೋ ‘ಬೋರ್ಡ್ ಹೋಗಿದೆ’ ಅಂತ ತೀರ್ಪು ಕೊಟ್ಟಿರುತ್ತಾರೆ. ಹೆಚ್ಚಿನವಕ್ಕೆ ಬೋರ್ಡ್ ಹೋಗಿರುವುದಿಲ್ಲ, ತೇವ ಕುಡಿದಿರುತ್ತದೆ. ದಿನಾ ಓಡುವ ಯಂತ್ರ ತನ್ನ ಬಿಸಿಗೆ ತಾನೇ ಒಣಗುತ್ತದೆ. ತೋಟದ ಆಫೀಸಲ್ಲೋ ಹೋಮ್‌ಸ್ಟೇಯಲ್ಲೋ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೆ ಒತ್ತಿ ಸುಮ್ಮನೆ ಕೂತದ್ದೇ ಸಾಯುವುದು. ಬಲ್ಬ್ ಹಾಕಿ ಒಣಗಿಸುತ್ತೇನೆ ಅಂದಾಗ ನಕ್ಕವರೇ ಹೆಚ್ಚು. ಎರಡು ಮಳೆಗಾಲದಲ್ಲಿ ಬಂದ ಇಪ್ಪತ್ತು ಚಿಲ್ಲರೆಯಲ್ಲಿ ಹದಿನಾರು ಎದ್ದು ಓಡುತ್ತಿವೆ.

ಅದಕ್ಕೆ ಮುಂಚೆ ಮೂರು ಬೋರ್ಡ್ ಕಳೆದಿದ್ದೇನೆ, ಹನ್ನೊಂದು ಸಾವಿರದ ಹತ್ತಿರ ನಷ್ಟ. ಒಂದಕ್ಕೆ ಬಂದ ದಿನವೇ ಕರೆಂಟ್ ಕೊಟ್ಟೆ. ತೇವದ ಮೇಲೆ ವೋಲ್ಟೇಜ್ ಹರಿದರೆ ಕಿಲುಬು ಗಂಟೆಗಳಲ್ಲೇ ಪಿನ್ನಿಂದ ಪಿನ್ನಿಗೆ ಹಬ್ಬುತ್ತದೆ. ಇನ್ನೊಂದಕ್ಕೆ ಹೇರ್ ಡ್ರೈಯರ್ ಹಿಡಿದೆ, ನೀರು ಚಿಪ್ಪಿನ ಅಡಿಗೇ ಸರಿಯಿತು. ಮೂರನೆಯದಕ್ಕೆ ಹೀಟ್ ಗನ್ ಇಟ್ಟೆ. ಒಳಗಿನ ತೇವ ಆವಿಯಾಗಿ ಬೋರ್ಡಿನ ಪದರವೇ ಉಬ್ಬಿತು. ಅಕ್ಕಿ ಚೀಲದಲ್ಲೂ ಹೂತು ನೋಡಿದೆ: ಒಣಗಲಿಲ್ಲ, ಕನೆಕ್ಟರ್‌ಗಳಲ್ಲಿ ಹಿಟ್ಟು ತುಂಬಿತು.

ಪೆಟ್ಟಿಗೆ ಪ್ಲೈವುಡ್‌ನದು, ಎರಡಡಿ ಉದ್ದ, ಒಂದೂವರೆ ಅಡಿ ಎತ್ತರ. ತಳದಲ್ಲಿ 60 ವ್ಯಾಟಿನ ಹಳೇ ತಂತಿ ಬಲ್ಬ್ (ಎಲ್‌ಇಡಿ ಇದಕ್ಕೆ ಬಾರದು), ಒಂದು ಗೇಣು ಮೇಲೆ ಜಾಲರಿ, ಕೆಳಗೂ ಮೇಲೂ ತೂತು, ಹಳೇ ಕ್ಯಾಬಿನೆಟ್ಟಿನ 12 ವೋಲ್ಟ್ ಫ್ಯಾನ್. ಶಾಖ 45ರಿಂದ 50 ಡಿಗ್ರಿ, ದಾಟಬಾರದು. ಸಾಮಾನ್ಯವಾಗಿ ಎರಡು ದಿನ ಸಾಕು, ಕಕ್ಕಡದಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡಗಿನ ತಿಂಗಳು) ಮೂರು. ಒಳಗಿನ ತೇವದ ಮೀಟರಿನಲ್ಲಿ ತೇವಾಂಶ ಶೇಕಡಾ 30ರ ಕೆಳಗಿಳಿದು ಅಲ್ಲೇ ನಿಂತ ಮೇಲೂ ಒಂದು ರಾತ್ರಿ ಬಿಡುತ್ತೇನೆ. ಕರೆಂಟ್ ಹೋದ ಕೂಡಲೇ ತೂತು ಮುಚ್ಚಬೇಕು, ಇಲ್ಲದಿದ್ದರೆ ತಣ್ಣಗಾಗುವ ಪೆಟ್ಟಿಗೆ ಹೊರಗಿನ ಥಂಡಿಯನ್ನು ಒಳಗೆಳೆಯುತ್ತದೆ. ಇದು ಗೊತ್ತಾಗದೆ ಒಂದು ವಾರದ ಕೆಲಸ ಹಾಳಾಗಿತ್ತು.

ಒಳಗಿಡುವುದು ಬೋರ್ಡ್, ಕೇಬಲ್, ಪವರ್ ಸಪ್ಲೈ ಮಾತ್ರ. ಡಿಸ್ಕ್, ಸಿಎಂಒಎಸ್ ಸೆಲ್ (ಬೋರ್ಡಿನ ಮೇಲಿನ ಬಿಲ್ಲೆ ಬ್ಯಾಟರಿ), ಪರದೆಯ ಪ್ಯಾನೆಲ್ ಹೊರಗೇ ಇರಲಿ. ಸಪ್ಲೈ ಯಂತ್ರದ ಒಳಗೇ ಇರುವ ಮಾಡೆಲ್ ಆದರೆ ಅದರ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮಿಕ್ಕಿ ನಿಂತಿರಬಹುದು. ರೆಸಿಸ್ಟರ್ ಹಿಡಿದು ಇಳಿಸಿ, ವೋಲ್ಟ್ ಮೀಟರಿನಲ್ಲಿ ನೋಡಿಯೇ ಕೈಹಾಕಿ.

ಒಣಗಿದ ಮೇಲೆ ಕಿಲುಬಿನ ಕೆಲಸ. ಹೆಚ್ಚು ಸಿಗುವುದು ಡಿಸ್‌ಪ್ಲೇ ಕೇಬಲ್ ಕೂರುವ ಎಲ್‌ವಿಡಿಎಸ್ ಕನೆಕ್ಟರಿನಲ್ಲಿ, ಪಿನ್ನಿನ ಬುಡದಲ್ಲಿ ಸಾಸಿವೆಗಿಂತ ಸಣ್ಣ ಹಸಿರು ಕಾಳು. ಐಸೊಪ್ರೊಪೈಲ್ (ಬೇಗ ಆರುವ ಆಲ್ಕೋಹಾಲ್) ಹಾಕಿ ಬ್ರಷ್ ಉಜ್ಜಿದರೆ ಕೊಳೆ ಹೋಗುತ್ತದೆ, ಕಿಲುಬು ಕದಲುವುದಿಲ್ಲ. ಚುಚ್ಚಿ ಕೆರೆದರೆ ಪಿನ್ನೇ ಕಿತ್ತು ಬರುತ್ತದೆ. ಫ್ಲಕ್ಸ್ (ಬೆಸುಗೆ ಹಿಡಿಯಲು ಹಚ್ಚುವ ಅಂಟು) ಹಚ್ಚಿ, ಸಣ್ಣ ತುದಿಯ ಸೋಲ್ಡರಿಂಗ್ ಐರನ್ 320 ಡಿಗ್ರಿಗೆ ಇಟ್ಟು, ಹೊಸ ಸೋಲ್ಡರ್ ಒಂದು ಚುಕ್ಕೆ ಮುಟ್ಟಿಸಿದರೆ ಹಸಿರು ಬಿಟ್ಟು ಬೆಳ್ಳಗಾಗುತ್ತದೆ. ಆಮೇಲೆ ಐಸೊಪ್ರೊಪೈಲ್. ಫ್ಲಕ್ಸಿಗೆ ನಾನು ಏನು ಬೆರೆಸುತ್ತೇನೆ ಅನ್ನುವುದು ನನ್ನಲ್ಲೇ ಇರಲಿ. ರ‍್ಯಾಮ್ ಕಾಲುಗಳಿಗೆ ಬಿಳಿ ರಬ್ಬರ್ ಉಜ್ಜಿದರೆ ಸಾಕು.

ಹೊಸದಾಗಿ ಹಾಕುವ ಎಸ್‌ಎಸ್‌ಡಿ (ವೇಗದ ಡಿಸ್ಕ್), ಪ್ರೊಸೆಸರಿನ ಪೇಸ್ಟ್, ಸೆಲ್ ಎಲ್ಲ ಸೇರಿ ನನಗೆ ಎರಡೂವರೆ ಸಾವಿರದ ಆಸುಪಾಸು ಖರ್ಚು ಬಿದ್ದಿದೆ. ಕೆಟ್ಟದ್ದನ್ನು ಮೂರೂವರೆ ಸಾವಿರಕ್ಕೆ ಕೊಂಡರೂ ಒಂಬತ್ತು ಸಾವಿರಕ್ಕೆ ಮಾರಿಹೋಗಿದೆ. ವಿಂಡೋಸ್ 11 ಹಿಡಿಯದ ಯಂತ್ರಗಳಿಗೆ ಲಿನಕ್ಸ್ ಮಿಂಟ್ ಹಾಕುತ್ತೇನೆ, ತೋಟದ ಲೆಕ್ಕಕ್ಕೆ ಧಾರಾಳ.

ಏನು ಮಾಡಿದರೂ ಏಳದವನ್ನು ಮಾನಿಟರ್ ಮಾಡುತ್ತೇನೆ. ಪ್ಯಾನೆಲ್ ಹಿಂದಿನ ನಂಬರ್ ನೋಡಿ ಹೊಂದುವ ಎಲ್‌ಸಿಡಿ ಬೋರ್ಡ್ ತರಿಸಿದರಾಯಿತು. ಅದರ ಜಂಪರಿನಲ್ಲಿ (ವೋಲ್ಟೇಜ್ ಆರಿಸುವ ಸಣ್ಣ ಕ್ಯಾಪಿನಲ್ಲಿ) 3.3, 5, 12 ವೋಲ್ಟ್ ಇರುತ್ತದೆ. 5ರ ಪ್ಯಾನೆಲ್‌ಗೆ 12 ಕೊಟ್ಟು ಒಂದು ಒಳ್ಳೆಯ 23 ಇಂಚನ್ನು ಸುಟ್ಟಿದ್ದೇನೆ.

ವಾಪಸ್ ಕೊಡುವಾಗ ಗೋಡೆಯಿಂದ ಅರ್ಧ ಅಡಿ ಈಚೆಗಿಡಿ, ಮಳೆಗಾಲದಲ್ಲಿ ಕೆಲಸವಿರಲಿ ಬಿಡಲಿ ದಿನಕ್ಕೊಂದು ಗಂಟೆ ಆನ್ ಮಾಡಿ ಅಂತ ಹಿಂಬದಿಗೇ ಚೀಟಿ ಅಂಟಿಸುತ್ತೇನೆ. ಹಾಗೆ ನಡೆಸಿದ ಒಂದೂ ತಿರುಗಿ ಬಂದಿಲ್ಲ.